ತುರ್ಕಿ ಲಯಕ್ಕೆ ಹಾಳೆ ತಿರುಗಿಸಿದ್ದು

ಹೆಂಡತಿ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದರೆ ಸಂಸಾರದಲ್ಲಿ ಗಂಡಾಂತರವಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಮುರಿದುಬಿದ್ದದ್ದು ನೈರೋಬಿಯಲ್ಲಿ, ರಿವರ್‌ಸೈಡಿನ ಒಂದು ಪುಟ್ಟ ಸಭಾಂಗಣದಲ್ಲಿ, ಒಂದು ತುರ್ಕಿ ಕುಣಿತದ ದೆಸೆಯಿಂದ.

ನನ್ನವಳು ನಳಿನಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಐವತ್ತು ದಾಟಿದ ಮೇಲೆ ಪಿಯಾನೊ ಕಲಿಯಲು ಹೊರಟಳು. "ಚಿಕ್ಕಂದಿನ ಆಸೆ ಕಣ್ರೀ, ಈಗ ಬಿಟ್ರೆ ಇನ್ಯಾವಾಗ?" ಎಂದಳು. ಅವಳ ಟೀಚರ್ ವಂಜಿರು ಮೊದಲ ಕಛೇರಿಗೆಂದು ಆರಿಸಿಕೊಟ್ಟದ್ದು, ತುರ್ಕಿಯ ಹಳ್ಳಿಗಾಡಿನ ಕುಣಿತದ ಲಯವನ್ನು ಪಿಯಾನೊಗೆ ಅಳವಡಿಸಿದ ಒಂದು ರಚನೆ. ಲಯವೋ, ಎರಡು, ಎರಡು, ಎರಡು, ಆಮೇಲೆ ಮೂರು. ಅಂದರೆ ನಮ್ಮ ತಕ ತಕ ತಕ ತಕಿಟ. ಮೂರು ಹೆಜ್ಜೆ ನೆಟ್ಟಗೆ ಇಟ್ಟು ನಾಲ್ಕನೆಯದಕ್ಕೆ ಕಾಲು ಉಳುಕಿಸಿಕೊಂಡವನ ನಡಿಗೆ. ಲೊರೆಶೋದ ನಮ್ಮ ಮನೆಯಲ್ಲಿ ಬೆಳಗೂ ಬೈಗೂ ಅದೇ. ನಾನು ಹಲ್ಲುಜ್ಜಿದ್ದೂ ತಕಿಟ, ಚಪಾತಿ ಲಟ್ಟಿಸಿದ್ದೂ ತಕಿಟ. ಎಂಬಕಸಿಯಲ್ಲಿರುವ ನಮ್ಮ ಔಷಧ ಕಾರ್ಖಾನೆಯ ಕಾವಲುಗಾರ ನಾನು ನಡೆದು ಬರುವುದನ್ನು ನೋಡಿ "ಪೋಲೆ ಸಾನಾ" ಎಂದು ಮರುಗಿದ. ಔಷಧ ಮಾಡುವವನಿಗೇ ಮಂಡಿನೋವಿನ ಎಣ್ಣೆ ಹೇಳಿಕೊಟ್ಟ.

ಇಡೀ ರಚನೆ ನಳಿನಿಯ ಕೈಗೆ ಬಂದಿತ್ತು. ಆದರೂ ಪುಸ್ತಕ ಎದುರಿಗಿಲ್ಲದಿದ್ದರೆ ಅವಳು ಪಿಯಾನೊ ಮುಟ್ಟುತ್ತಿರಲಿಲ್ಲ. ಕಛೇರಿಯ ದಿನವೇ, ಪಕ್ಕದಲ್ಲಿ ನಿಂತು ಹಾಳೆ ತಿರುಗಿಸಬೇಕಾಗಿದ್ದ ಗೆಳತಿ ಜ್ವರವೆಂದು ಮಲಗಿದಳು. ನನಗಂತೂ ಸ್ವರಲಿಪಿ ಎಂದರೆ ತಂತಿಯ ಮೇಲೆ ಹೊರಟ ಇರುವೆಸಾಲು.

"ನೀವೇ ಬನ್ರೀ. ನಾನು ತಲೆ ಆಡಿಸ್ತೀನಿ, ನೀವು ಪೇಜ್ ತಿರುಗಿಸಿ. ಅಷ್ಟೇ. ಸ್ವಂತ ಬುದ್ಧಿ ಮಾತ್ರ ಉಪಯೋಗಿಸ್ಬೇಡಿ."

ನಾನು ಉಪಯೋಗಿಸಲಿಲ್ಲ. ನುಡಿಸಲು ಕೂತವಳನ್ನು ಲಯ ಹಿಡಿದುಕೊಂಡಿತು. ತಕ ತಕ ತಕ ತಕಿಟ, ತಲೆ ಆಡಿತು. ತಿರುಗಿಸಿದೆ. ಮತ್ತೆ ತಕಿಟ, ಮತ್ತೆ ತಲೆ. ತಿರುಗಿಸಿದೆ. ಎಷ್ಟು ಬೇಗ ಓದುತ್ತಾಳೆ ಎಂದು ಹೆಮ್ಮೆಯೂ ಆಯಿತು. ಉಸಿರು ಬಿಡುವಷ್ಟರಲ್ಲಿ ಪುಸ್ತಕದ ಹಿಂಬದಿಯ ರಟ್ಟು ಬಂತು. ತಲೆ ಇನ್ನೂ ಆಡುತ್ತಲೇ ಇತ್ತು. ಮೊದಲ ಪುಟಕ್ಕೆ ಮಗುಚಿ ಮತ್ತೆ ಶುರುಮಾಡಿದೆ. ಅಷ್ಟರಲ್ಲಿ ನನ್ನ ಕಾಲೂ ಕುಣಿಯತೊಡಗಿ, ಕೈತಪ್ಪಿ, ಪುಸ್ತಕ ಧೊಪ್ಪೆಂದು ನೆಲಕ್ಕೆ ಬಿತ್ತು.

ನಳಿನಿ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸಲಾರೆ. ಅವಳ ಬೆರಳು ತಡವರಿಸಿತು. ಇಷ್ಟು ವರ್ಷಗಳ ಆಸೆಯನ್ನು ನೆಲಕ್ಕೆ ಹಾಕಿಬಿಟ್ಟೆನಲ್ಲಾ! ಆಮೇಲೆ ಅವಳಿಗೇನಾಯಿತೋ, ಫಕ್ಕನೆ ನಕ್ಕಳು, ಕಣ್ಣು ಮುಚ್ಚಿದಳು, ನುಡಿಸಿದಳು ನೋಡಿ! ಪಿಯಾನೊ ಕಛೇರಿಯಲ್ಲಿ ಕೆಮ್ಮುವುದಕ್ಕೂ ಅಂಜುವ ಜನ ಚಪ್ಪಾಳೆಯಲ್ಲಿ ತಾಳ ಹಾಕಿದರು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಕುಣಿದೇಬಿಟ್ಟರು.

ಮುಗಿದ ಮೇಲೆ ವಂಜಿರು ಓಡಿಬಂದು ನನ್ನ ಕೈ ಕುಲುಕಿದರು. "ಅಸಾಂಟೆ, ತುಂಬಾ ಉಪಕಾರವಾಯ್ತು! ಪುಸ್ತಕ ಬಿಡಿ, ಬಿಡಿ ಅಂತ ಇವರಿಗೆ ಹೇಳಿ ಹೇಳಿ ಸಾಕಾಗಿತ್ತು. ನೀವು ಬಿಡಿಸಿಬಿಟ್ಟಿರಿ!" "ಎಲ್ಲಾ ಯೋಚಿಸಿಯೇ ಮಾಡಿದ್ದು" ಎಂದು ಗಂಭೀರವಾಗಿ ನಿಂತೆ.

"ಯೋಚನೆ ಬೇರೆ ಇವ್ರಿಗೆ!" ಎಂದಳು ನಳಿನಿ. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು.

ಈಗ ಅವಳು ಎಲ್ಲವನ್ನೂ ಪುಸ್ತಕವಿಲ್ಲದೆಯೇ ನುಡಿಸುತ್ತಾಳೆ. ಹಾಳೆ ತಿರುಗಿಸುವವನೂ ಬೇಡವಂತೆ. ಇಷ್ಟು ಚೆನ್ನಾಗಿ ಕೆಲಸ ಮಾಡಿ ಆ ಕೆಲಸವನ್ನೇ ಕಳೆದುಕೊಂಡವನು ನೈರೋಬಿಯಲ್ಲಿ ನಾನೊಬ್ಬನೇ ಇರಬೇಕು.