ಅಂಬರೀಷ ಮಾಸ್ತರರ ತಡವಾದ ‘ಆಹಾ’

ಬೆಂಗೇರಿಯ ಅಂಬರೀಷ ಮಾಸ್ತರರಿಗೆ ಹೆಂಡತಿಯ ಮೇಲೆ, ತಾಯಿಯ ಮೇಲೆ, ಒಟ್ಟಿನಲ್ಲಿ ಕೈಬೆರಳುಳ್ಳ ಸಮಸ್ತ ಮನುಕುಲದ ಮೇಲೆ ಒಂದೇ ದೂರು: ಇವರೆಲ್ಲ ಸೇರಿ ತಮ್ಮ ಕನ್ನಡಕ ಹೊಲಸು ಮಾಡುತ್ತಿದ್ದಾರೆ.

ಕನ್ನಡಕವೆಂದರೆ ಪೇಪರ್ ಓದುವ ಕನ್ನಡಕವಲ್ಲ. ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರೆ ಪರದೆಯೊಳಗಿನ ಚಿತ್ರ ಎದ್ದು ಬಂದು ಮೂಗಿನ ತುದಿಗೆ ನಿಲ್ಲುವಂಥ ತ್ರೀಡಿ ಕನ್ನಡಕ. ಮಾಸ್ತರರ ಹೈಸ್ಕೂಲಿನಲ್ಲಿ ಇಂಥ ಕಂಪ್ಯೂಟರುಗಳ ಕೋಣೆಯೊಂದು ಆಗುವುದಿತ್ತು. ಅದರ ಉಸ್ತುವಾರಿ ಸಿಕ್ಕವರಿಗೆ ಬಿಸಿಲಲ್ಲಿ ಮನೆಮನೆ ತಿರುಗುವ ಗಣತಿ ಕೆಲಸದಿಂದ ಮುಕ್ತಿ ಎಂದು ಸ್ಟಾಫ್ ರೂಮಿನಲ್ಲಿ ಸುದ್ದಿ. ಕೂಡಲೇ ಮಾಸ್ತರರ ವಿಜ್ಞಾನ ಪ್ರೇಮ ಉಕ್ಕಿ ಬಂತು. “ನಾ ಮನ್ಯಾಗ ಕಲತು ನಿಮಗ ತೋರಸ್ತೇನ್ರಿ ಸರ್” ಎಂದು ಹೆಡ್‌ಮಾಸ್ತರ ಇಮಾಮಹುಸೇನರಿಗೆ ಮಾತು ಕೊಟ್ಟು, ನಮೂನೆಗೆಂದು ಬಂದ ಕಂಪ್ಯೂಟರನ್ನೂ ಎರಡು ಕನ್ನಡಕಗಳನ್ನೂ ಒಂದು ತಿಂಗಳ ಮಟ್ಟಿಗೆ ಮನೆಗೆ ಹೊತ್ತು ತಂದರು.

ಮೊದಲ ದಿನ ತಾಯಿ ಯಂಕವ್ವನಿಗೆ ಒಂದು ಕನ್ನಡಕ ಹಾಕಿ, ತಾವೊಂದು ಹಾಕಿಕೊಂಡು ಸಮುದ್ರದ ಚಿತ್ರ ಹಚ್ಚಿದರು. ಯಂಕವ್ವ “ಅಯ್ಯಯ್ಯೋ, ಮೀನಾ ಮೈಮ್ಯಾಲ ಬಂತೋ!” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾಸ್ತರರಿಗೆ ಮೀನು ಕಂಡಿತು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹಾಗೆ, ಇದ್ದಲ್ಲೇ ಅಂಟಿಕೊಂಡು ಕಂಡಿತು. ಆಮೇಲೆ ಹೆಂಡತಿ ಸ್ನೇಹಲ್ ಅತ್ತೆಯ ಕನ್ನಡಕ ಹಾಕಿಕೊಂಡು, “ಏನ್ ಮಸ್ತ್ ಐತ್ರೀ!” ಎಂದಳು. ಮಾಸ್ತರರು ಅವಳದನ್ನು ಕಸಿದು ಹಾಕಿಕೊಂಡರು. ಮೀನು ಹಠ ಬಿಡಲಿಲ್ಲ.

ವಿಜ್ಞಾನ ಕಲಿಸುವವನು ನನಗೆ ಕಾಣುವುದಿಲ್ಲ ಎಂದು ಹೇಳುವುದುಂಟೇ? ಮಾಸ್ತರರೂ “ಆಹಾ!” ಎಂದರು. ಉಳಿದವರಿಗಿಂತ ಒಂದು ಕ್ಷಣ ತಡವಾಗಿ ಎಂದರು, ಅಷ್ಟೇ.

ಮರುದಿನವೇ ಗೋಡೆಯ ಮೇಲೆ ‘ಕನ್ನಡಕ ಸಂರಕ್ಷಣಾ ಸಂಹಿತೆ’ ಎದ್ದಿತು. ಗಾಜಿಗೆ ಬೆರಳು ತಾಗಿಸಬಾರದು. ಮೆತ್ತನೆಯ ಬಟ್ಟೆಯಿಂದಲೇ ಒರೆಸಬೇಕು. ಬಿಸಿಲಿಗೆ ಇಡಬಾರದು. ಕೆಲಸ ಮುಗಿದೊಡನೆ ಗುಂಡಿ ಒತ್ತಿ ಆರಿಸಿ ಚೀಲದೊಳಗೆ ಇಡಬೇಕು. ಚಾರ್ಜಿಗೆ ಹಚ್ಚಿದಾಗ ಹತ್ತಿರ ಸುಳಿಯಬಾರದು. ನೆಟ್ಟಗೆ ಕುಳಿತೇ ನೋಡಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡವರು (ಅಂದರೆ ಯಂಕವ್ವ) ಮುಟ್ಟಲೇಬಾರದು.

“ಇಷ್ಟು ಕಾಳಜಿ ನಮ್ಮ ಲಗ್ನ ಆದಾಗ ನನಗೂ ಮಾಡ್ಲಿಲ್ಲ ನೀವು” ಎಂದಳು ಸ್ನೇಹಲ್. ಧಾರವಾಡದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳು ಇಡೀ ದಿನ ಸುತ್ತೋಲೆ ಓದಿ, ಚಿಗರಿ ಬಸ್ಸಿನಲ್ಲಿ ನಿಂತು ಬಂದರೆ ಮನೆಯಲ್ಲೂ ಸುತ್ತೋಲೆ.

“ನಿನಗೇನ್ ತಿಳಿತೈತಿ? ಗಾಜಿಗೆ ಒಂದ್ ಕಲೆ ಬಿದ್ರ ಮೂರನೇ ಆಯಾಮ ಹೋತು.”

“ನನಗ ಕಾಣತೈತಲ್ರೀ ಮೂರನೇದು?”

“ನೀ ಕಲ್ಪನಾ ಮಾಡ್ಕೋತಿ!”

ಮಾಸ್ತರರು ಒರೆಸಿದರು, ಕನ್ನಡಕ ಬದಲಿಸಿದರು, ಟ್ಯೂಬ್‌ಲೈಟ್ ಆರಿಸಿದರು, ಕುರ್ಚಿ ಹಿಂದೆ ಮುಂದೆ ಎಳೆದರು. ಮೀನಿಗೆ ಹೊರಬರುವ ಮನಸ್ಸೇ ಇಲ್ಲ. ತಲೆನೋವು ಮಾತ್ರ ಮೂರೂ ಆಯಾಮಗಳಲ್ಲಿ ಬಂತು. ತಮ್ಮಲ್ಲೇ ಏನೋ ಕೊರತೆ ಇದೆಯೆಂಬ ಅಳುಕು ಒಳಗೊಳಗೇ ಕೊರೆಯುತ್ತಿತ್ತು. ಅಳುಕು ಹೆಚ್ಚಿದಷ್ಟೂ ಯಂಕವ್ವನ ಎಣ್ಣೆಯ ಮೇಲೆ ಬೈಗುಳ ಹೆಚ್ಚಿತು. ಕಡೆಗೆ ಆ ಮುದುಕಿ ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಳು.

ರವಿವಾರ ಇಮಾಮಹುಸೇನರು ಬಂದರು. ಚಹಾ ಕುಡಿದು ಕನ್ನಡಕ ಹಾಕಿಕೊಂಡರು. ಮಾಸ್ತರರು ಇನ್ನೊಂದನ್ನು ಏರಿಸಿ, ಗಂಟಲು ಸರಿಮಾಡಿಕೊಂಡು ಸಮುದ್ರ ಹಚ್ಚಿದರು. ಹೆಡ್‌ಮಾಸ್ತರರು ಕುರ್ಚಿಯಲ್ಲೇ ಹಿಂದಕ್ಕೆ ಜಿಗಿದರು.

“ಆಹಾ!” ಎಂದರು ಅಂಬರೀಷ, ತಡವಾಗಿ.

“ಭಾಳ ಛಲೋ ಐತ್ರಿ ಮಾಸ್ತರ! ಈ ಮೀನದ ಮೂತಿ ಎಲ್ಲಿತನಾ ಬಂದೈತಿ, ಬೆರಳ ಹಚ್ಚಿ ತೋರಸ್ರಿ ನೋಡೋಣು.”

ಮಾಸ್ತರರು ಧೈರ್ಯವಾಗಿ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟರು.

“ಅಲ್ಲಲ್ರೀ” ಎಂದರು ಹೆಡ್‌ಮಾಸ್ತರರು ಮೆಲ್ಲಗೆ. “ಅದು ಇಲ್ಲೆ ನನ್ನ ಮಡಲಾಗ ಐತಿ.”

“ಕನ್ನಡಕ ಹೊಲಸಾಗೇತ್ರಿ ಸರ್. ನಮ್ಮವ್ವ ಮುಟ್ಟ್ಯಾಳ!”

ಬಾಗಿಲಲ್ಲಿ ನಿಂತಿದ್ದ ಯಂಕವ್ವ ಒಣಗಿದ ಕೂದಲಿನೊಂದಿಗೆ ಒಳಗೆ ನುಗ್ಗಿದಳು. ಮಗನ ಮುಖದಿಂದ ಕನ್ನಡಕ ಕಿತ್ತು ಹಾಕಿಕೊಂಡು, “ಖರೇ ಹೇಳ್ತೇನ್ರಿ ಸಾಹೇಬರ, ಛಲೋ ಕಾಣತೈತಿ. ಮೂರು ಮೀನಾ ಹೊರಗ ಅದಾವು, ಒಂದು ಒಳಗ ಐತಿ” ಎಂದಳು. ಹೆಡ್‌ಮಾಸ್ತರರು ಎಣಿಸಿ ನೋಡಿ ಹೌದೆಂದು ತಲೆಯಾಡಿಸಿದರು.

ಇಮಾಮಹುಸೇನರು ಗಣಿತದವರು, ಉತ್ತರ ಸಿಗದೆ ಬಿಡುವವರಲ್ಲ. ಕನ್ನಡಕವನ್ನು ಮತ್ತೆ ಮಾಸ್ತರರಿಗೇ ಹಾಕಿಸಿದರು. “ಒಂದ್ ಕಣ್ಣ ಮುಚ್ಚಿ ನೋಡ್ರಿ. ಈಗ ಎರಡೂ ತಗೀರಿ. ಏನರ ಫರಕು?”

ಒಂದು ಕಣ್ಣು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿದ ಮಾಸ್ತರರು, “ಇಲ್ರಿ” ಎಂದರು. ಹದಿನೈದು ದಿನಗಳಲ್ಲಿ ಅವರಾಡಿದ ಮೊದಲ ಖರೇ ಮಾತು.

ಆಗ ಯಂಕವ್ವನಿಗೆ ನೆನಪಾಯಿತು. “ಇಂವಾ ಸಣ್ಣಾಂವ ಇದ್ದಾಗ ಒಂದು ಕಣ್ಣು ಮೆಳ್ಳಗಣ್ಣ ಇತ್ರಿ. ಮುಂದ ತಾನ ನೆಟ್ಟಗಾತು. ನೆಟ್ಟಗಾತಲ್ಲಾ ಅಂತ ನಾವೂ ಸುಮ್ಮನಾದ್ವಿ.”

ಕಣ್ಣಿನ ಡಾಕ್ಟರು ಮರುದಿನ ಅದೇ ಕಾರಣವೆಂದರು. ಒಂದೊಂದು ಕಣ್ಣೂ ಚೆನ್ನಾಗಿದೆ. ಆದರೆ ಎರಡೂ ಕೂಡಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಇಂಥ ಚಿತ್ರ ಇವರಿಗೆ ಎದ್ದು ಬರುವುದಿಲ್ಲ. “ನಮ್ಮ ಆಫೀಸಿನ ಇಬ್ಬರು ಸಾಹೇಬರು ಇದ್ದಂಗ” ಎಂದಳು ಸ್ನೇಹಲ್. ನಗಲು ಹೋದವಳು ಗಂಡನ ಮುಖ ನೋಡಿ ಕೈ ಹಿಡಿದುಕೊಂಡಳು.

ಉಸ್ತುವಾರಿ ಸಮಾಜ ವಿಜ್ಞಾನದ ಗೀತಾಂಜಲಿ ಟೀಚರಿಗೆ ಹೋಯಿತು. ಅಂಬರೀಷ ಮಾಸ್ತರರ ಪಾಲಿಗೆ ಗಣತಿಗೆಂದು ಅಮರಗೋಳದ ಓಣಿಗಳು ಬಂದವು.

ಕಂಪ್ಯೂಟರ್ ಹಿಂದಿರುಗಿಸುವ ಹಿಂದಿನ ಸಂಜೆ ಯಂಕವ್ವ ತಲೆತುಂಬ ಎಣ್ಣೆ ಹಚ್ಚಿಕೊಂಡು ಕನ್ನಡಕ ಹಾಕಿ ಕುಳಿತಿದ್ದಳು. ಮಾಸ್ತರರು ಸಂಹಿತೆಯ ಮಾತೆತ್ತದೆ ಪಕ್ಕದಲ್ಲಿ ಬಂದು ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಅವ್ವಾ, ಈಗೇನ್ ಬಂತು?”

“ಸಮುದ್ರದಾಗಿಂದ ಆಮಿ ಬಂದೈತಿ. ಇಷ್ಟ ದೊಡ್ಡದು. ಅತ್ತಾಗ ಸರಿಯೋ ಅಂಬ್ಯಾ, ಅದರ ಕಾಲಮ್ಯಾಲ ಕುಂತೀ ನೋಡು!”

ಮಾಸ್ತರರು ಸರಿದು ಕುಳಿತರು.