ಮುಟ್ಟಿದರೆ ಮುನಿಯುವ ತುರ್ತು ನಿಧಿಯವರಿಗೆ

ಕುಕ್ಕುಂದೂರಿನ ನಮ್ಮ ಪುಟ್ಟ ಸೇವಾ ಕ್ಲಬ್ಬಿನ ಹೆಮ್ಮೆಯೂ, ಕಾರ್ಕಳದ ಬ್ಯಾಂಕೊಂದರಲ್ಲಿ ನಿರಖು ಠೇವಣಿಯಾಗಿ ಬಹುಕಾಲದಿಂದ ಸುಖವಾಗಿ ಪವಡಿಸಿರುವವರೂ ಆದ ಮಾನ್ಯ ತುರ್ತು ನಿಧಿಯವರೇ,

ಕೋಶಾಧಿಕಾರಿ ಗ್ಲ್ಯಾಡಿಸಳ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಮೊನ್ನೆಯ ವಾರ್ಷಿಕ ಲೆಕ್ಕಪತ್ರದಿಂದ ತಿಳಿದು, ಅದನ್ನು ಓದಿದವಳು ನಾನೇ ಆದರೂ, ಬಹಳ ಸಂತೋಷವಾಯಿತು. ನಮ್ಮಲ್ಲಿ ಅಧ್ಯಕ್ಷರು ವರ್ಷಕ್ಕೊಬ್ಬರು. ಪ್ರತಿಯೊಬ್ಬರೂ ನಿಧಿಯವರಾದ ತಮ್ಮನ್ನು ಒಂದಿಷ್ಟು ದಪ್ಪ ಮಾಡಿಯೇ ಮುಂದಿನವರಿಗೆ ಒಪ್ಪಿಸಬೇಕು, ಆಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಎಂಬುದು ಸಂಪ್ರದಾಯ. ಸೊರಗಿದ ತಮ್ಮನ್ನು ಒಪ್ಪಿಸಿ ಊರಲ್ಲಿ ಮುಖ ಎತ್ತಿ ತಿರುಗುವ ಧೈರ್ಯ ಯಾರಿಗುಂಟು ಹೇಳಿ?

ಆದರೆ ಸ್ವಾಮೀ, ಮಾರ್ಚಿನಲ್ಲಿ ಒಂದು ಅಚಾತುರ್ಯ ನಡೆಯಿತು. ಇಲ್ಲೇ ಮನೆ ಕಟ್ಟುವ ಕೆಲಸದಲ್ಲಿದ್ದ ಕೊಪ್ಪಳ ಕಡೆಯ ರೇಣುಕವ್ವ ಮಾಳಿಗೆಯಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಳು. ಅವಳನ್ನು ಬಚ್ಚಲಿಗೆ, ಬಸ್ಸಿಗೆ, ಆಸ್ಪತ್ರೆಗೆ ಹೊತ್ತು ಹೊತ್ತು, ಕೂಲಿಗೆ ಹೋಗಲಾರದೆ ಸೋತ ಗಂಡ ಮಾನಪ್ಪ ನಮ್ಮಲ್ಲಿಗೆ ಬಂದು ಕೇಳಿದ್ದು ಇಷ್ಟೇ: "ಅಕಿಗೊಂದು ಗಾಲಿ ಕುರ್ಚಿ ಕೊಡ್ರಿ ಅಕ್ಕಾರ, ನಾ ದುಡ್ಯಾಕ ಹೋಗ್ತೀನ್ರಿ." ನಾನು ಸಮಿತಿಯಲ್ಲಿ ತಮ್ಮ ಹೆಸರೆತ್ತಿದೆ. ಅಧ್ಯಕ್ಷ ಸುಕೇಶರು ಗಾಬರಿಯಾಗಿ, "ಇದು ತುರ್ತೇ, ಇಲ್ಲ ಅನ್ನುವುದಿಲ್ಲ ಗ್ಲ್ಯಾಡಿಸ್ ಬಾಯಿ. ಆದರೆ ತುರ್ತು ನಿಧಿಯನ್ನು ಇದಕ್ಕೆ ತೆಗೆದರೆ, ನಾಳೆ ತುರ್ತು ಬಂದಾಗ ಎಂತ ಮಾಡುವುದು?" ಎಂದರು. ಚಹಾದ ಜೊತೆಗೆ ತರಿಸಿದ್ದ ಗೋಳಿಬಜೆ ತಣಿಯುವುದರೊಳಗೆ ವಿಷಯ ಮುಗಿಯಿತು.

ಆದ್ದರಿಂದ ತಾವೇ ಒಂದು ದಿನ ಯಾರಿಗೂ ಹೇಳದೆ ಎದ್ದು, ಬ್ಯಾಂಕಿನ ಮೆಟ್ಟಿಲಿಳಿದು, ಬಸ್ಸು ಹತ್ತಿ ಬಂದು, ಗಾಲಿಕುರ್ಚಿಯಾಗಿ ಆ ದಂಪತಿಯ ಶೆಡ್ಡಿನ ಮುಂದೆ ನಿಲ್ಲಬೇಕೆಂದು ವಿನಂತಿ. ಆಗದಿದ್ದರೆ, ಎಂಥ ಅನಾಹುತಕ್ಕೆ ತಾವು ಕಣ್ಣು ತೆರೆಯುತ್ತೀರೆಂದಾದರೂ ತಿಳಿಸಿದರೆ, ರೇಣುಕವ್ವ ಅದರಂತೆಯೇ ಇನ್ನೊಮ್ಮೆ ಬೀಳಬಹುದು. ನನಗಂತೂ ಹೊಟ್ಟೆ ಉರಿಯುತ್ತದೆ ಮಾನ್ಯರೇ, ಈ ಉರಿಯನ್ನು ಮರ್ಯಾದೆಯ ಮಾತಿನಲ್ಲಿ ಬರೆಯುವಷ್ಟರಲ್ಲಿ ಸಾಕೋ ಸಾಕಾಯಿತು.

ತಮ್ಮ ನಿದ್ದೆಯ ಕಾವಲಿಗೆ ನೇಮಕಗೊಂಡ ವಿಶ್ವಾಸಿ,
ಗ್ಲ್ಯಾಡಿಸ್

ವಿ.ಸೂ.: ಇದನ್ನು ಅಂಚೆಗೆ ಹಾಕುವ ಮೊದಲೇ ಹೊಸ ಅಧ್ಯಕ್ಷರ ಪದಗ್ರಹಣವಾಯಿತು. ವೇದಿಕೆಯ ಮೇಲೆ ರೇಣುಕವ್ವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಎಲ್ಲರೂ ಸುತ್ತ ನಿಂತು ಫೋಟೊ ತೆಗೆಸಿಕೊಂಡೆವು. ಫೋಟೊ ಆದ ಕೂಡಲೇ ಬಾಡಿಗೆಗೆ ಕೊಟ್ಟವರು ಬಂದು ಕುರ್ಚಿ ಒಯ್ದರು. ಮಾನಪ್ಪ ಹಾರದ ಸಮೇತ ಹೆಂಡತಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ಆ ಬಾಡಿಗೆಯನ್ನು ತಮ್ಮ ಬಡ್ಡಿಯಿಂದ ಕೊಡಲು ಸಭೆ ಒಮ್ಮತದಿಂದ ಒಪ್ಪಿದೆ, ತುರ್ತು ಖರ್ಚೆಂದು.