ಗೋಡೆಯ ಮೇಲಿನ ಏಳರ ಮಗ್ಗಿ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಹೈಸ್ಕೂಲಿನ ಕನ್ನಡ ಮೇಷ್ಟ್ರು ನಾನು. ಕೆಂಪು ಶಾಯಿಯ ಪೆನ್ನು ಒಮ್ಮೆ ಕೈಗೆ ಅಂಟಿಕೊಂಡರೆ ಶಾಲೆ ಬಿಟ್ಟು ಮನೆಗೆ ಬಂದ ಮೇಲೂ ಬಿಡುವುದಿಲ್ಲ. ಮದುವೆಯ ಕಾಗದ ಬಂದರೆ ಮುಹೂರ್ತ ಎಷ್ಟು ಗಂಟೆಗೆ ಎಂದು ನೋಡುವ ಮೊದಲು ‘ಆಶೀರ್ವಾದ’ಕ್ಕೆ ದೀರ್ಘ ಕೊಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಒಮ್ಮೆ ಮಕ್ಕಳನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗಿ ಶಾಸನದ ಕಂಬ ತೋರಿಸುತ್ತ, “ನೋಡಿ, ಕಲ್ಲಿನ ಮೇಲೂ ಒಂದು ತಪ್ಪಿಲ್ಲದೆ ಬರೆದಿದ್ದಾರೆ” ಎಂದು ಭಾಷಣ ಬಿಗಿದಿದ್ದೆ. ಆ ಲಿಪಿ ನನಗೆ ಓದಲು ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಇಂಥ ನಾನು ಮಗಳ ಕೋಣೆಗೆ ಬಣ್ಣ ಹೊಡೆಸಲು ಹೊರಟದ್ದೇ ಎಡವಟ್ಟು.

ಇದು ತೊಂಬತ್ತರ ದಶಕದ ಮಾತು. ಶಿಕಾರಿಪುರದಿಂದ ಸೊರಬಕ್ಕೆ ವರ್ಗವಾಗಿ ಬಂದು, ಇಲ್ಲೇ ಒಂದು ಪುಟ್ಟ ಮನೆ ಕಟ್ಟಿಕೊಂಡಿದ್ದೆವು. ಹಿಂದಿನ ಚಿಕ್ಕ ಕೋಣೆಯಲ್ಲಿ ಕುಪ್ಪಗಡ್ಡೆಯಿಂದ ಮಾವ ಕಳಿಸುತ್ತಿದ್ದ ಅಕ್ಕಿ ಚೀಲಗಳು, ಕಾಲು ಮುರಿದ ಒಂದು ಕುರ್ಚಿ, ಎಂದಾದರೂ ಬೇಕಾದೀತೆಂದು ನಾನು ಕಟ್ಟಿಟ್ಟ ಹಳೆಯ ಪುಸ್ತಕಗಳು ಇದ್ದವು. ಮಗಳು ಸಹನಾ ಮೂರನೇ ಕ್ಲಾಸಿಗೆ ಬಂದಾಗ ಅವಳಿಗೊಂದು ಕೋಣೆ ಇರಲಿ ಎಂದುಕೊಂಡೆವು. ಅಕ್ಕಿ ಚೀಲ ಅಡುಗೆಮನೆಗೆ ಹೋಯಿತು, ಕುರ್ಚಿ ಹಿತ್ತಲಿಗೆ. ಪುಸ್ತಕಗಳು ಎಲ್ಲಿಗೆ ಹೋದವೆಂದು ಹೆಂಡತಿ ಶೈಲಾ ಇವತ್ತಿನವರೆಗೂ ಹೇಳಿಲ್ಲ.

“ರೀ, ಬಣ್ಣ ಹೊಡ್ಸೋ ಮೊದ್ಲು ಅವಳಿಗೆ ಏನ್ ಬೇಕು ಅಂತ ಒಂದ್ ಮಾತು ಕೇಳಿ ಮಾರಾಯ್ರೆ” ಎಂದಳು ಶೈಲಾ.

“ಎಂಟು ವರ್ಷದ ಮಗುವಿಗೆ ಏನು ಗೊತ್ತಾಗುತ್ತೆ?” ಎಂದೆ. ನನಗೆ ಎಲ್ಲವೂ ಗೊತ್ತಿತ್ತು. ಕಿಟಕಿ ಪಕ್ಕದ ಗೋಡೆಗೆ ಅಕ್ಷರಮಾಲೆ, ಎಡಗಡೆ ಕರ್ನಾಟಕದ ನಕಾಶೆ, ಮಂಚದ ಎದುರಿಗೆ ಎರಡರಿಂದ ಹತ್ತರವರೆಗೆ ಮಗ್ಗಿ. ಮಗು ಕಣ್ಣು ಬಿಟ್ಟರೆ ವಿದ್ಯೆ ಕಾಣಬೇಕು. ಬಾಗಿಲಿರುವ ಗೋಡೆ ಮಾತ್ರ ಖಾಲಿ ಉಳಿಯಿತು. ಅಲ್ಲಿಗೆ ಗಾದೆಗಳನ್ನು ಬರೆಸುವ ಯೋಚನೆಯಿತ್ತು, ಬಣ್ಣ ಸಾಲಲಿಲ್ಲ.

ಬರೆಯಲು ಶಿಕಾರಿಪುರದಿಂದ ಪೇಂಟರ್ ರುದ್ರಪ್ಪನನ್ನು ಕರೆಸಿದೆ. ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಅವನ ಕೈ ಪಳಗಿತ್ತು. “ನೀವೇನ್ ಚಿಂತಿ ಮಾಡಬ್ಯಾಡ್ರಿ ಸರ, ಆಯಿಲ್ ಪೇಂಟ್ನಾಗ ಬರದ್ರ ಮಗಳ ಮದುವಿ ತನಕ ಅಳಿಸಂಗಿಲ್ಲ” ಎಂದ. ನಾನು ಅವನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ನಕಾಶೆಯಲ್ಲಿ ಅವನು ‘ಬದ್ರಾವತಿ’ ಎಂದು ಬರೆದ, ತಿದ್ದಿಸಿದೆ. ‘ದಾರವಾಡ’ ಎಂದು ಬರೆದ, ಅದನ್ನೂ ತಿದ್ದಿಸಿದೆ. ಮಗ್ಗಿ ಬರೆಯಲು ಏಣಿ ಹತ್ತುವ ಹೊತ್ತಿಗೆ ರುದ್ರಪ್ಪನಿಗೆ ಬೇಸರ ಬಂದಿತ್ತು. “ಅಲ್ರಿ ಸರ, ಹೊಟ್ಟಿ ಒಂದು ಸೀಳದಿದ್ರ ಧಾರವಾಡದ ಬಸ್ಸು ಬ್ಯಾರೆ ಊರಿಗೆ ಹೊಕ್ಕತೇನ್ರಿ?” ಎಂದು ಕೇಳಿದ. ನನಗೆ ಅಷ್ಟೇ ಸಾಕಾಯಿತು. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸದ ಮೇಲೆ ಅರ್ಧ ಗಂಟೆ ಪಾಠ ಮಾಡಿದೆ. ಆ ಅರ್ಧ ಗಂಟೆಯಲ್ಲಿ ಅವನು ತಲೆಯಾಡಿಸುತ್ತ ಏಳರ ಮಗ್ಗಿ ಬರೆಯುತ್ತಿದ್ದ.

ಮನೆಗೆ ಬಂದವರನ್ನೆಲ್ಲ ಕಾಫಿಗೂ ಮೊದಲು ಆ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವರು “ಭಾರಿ ಚೆನ್ನಾಗಿದೆ” ಎನ್ನುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ಸಹನಾ ಮಾತ್ರ ಒಂದು ವಾರದಲ್ಲೇ ದಿಂಬನ್ನು ಮಂಚದ ಆ ತುದಿಗೆ ಒಯ್ದು, ಖಾಲಿ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು. ಗಾಳಿಗೆಂದು ಇರಬೇಕು ಅಂದುಕೊಂಡೆ.

ಮೂರು ತಿಂಗಳ ನಂತರ ಅವಳು ಗಣಿತದ ಟೆಸ್ಟಿನ ಪೇಪರು ಹಿಡಿದು ಅಳುತ್ತ ಬಂದಳು. “ಟೀಚರ್ ತಪ್ಪು ಹಾಕಿದಾರಪ್ಪ. ಗೋಡೆ ಮೇಲೆ ಇರೋ ಹಾಗೇ ಬರ್ದಿದೀನಿ, ಅಪ್ಪನೇ ಓದ್ಸಿದಾರೆ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ” ಎಂದಳು. ಹೋಗಿ ನೋಡಿದೆ. ಏಳೆಂಟ್ಲ ಐವತ್ನಾಲ್ಕು. ಗೋಡೆಯ ಮೇಲೂ ಐವತ್ನಾಲ್ಕು, ಪೇಪರಿನಲ್ಲೂ ಐವತ್ನಾಲ್ಕು. ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಗಣಿತ ಬಾರದ್ದಕ್ಕೇ ನಾನು ಕನ್ನಡ ಪಂಡಿತನಾದವನು. ಮೇಲಾಗಿ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಅವಳನ್ನು ಎಬ್ಬಿಸಲು ಹೋದಾಗ ಆ ಮಗ್ಗಿಯನ್ನು ನಾನೇ ಗಟ್ಟಿಯಾಗಿ ಓದಿಸುತ್ತಿದ್ದೆ. ಐವತ್ನಾಲ್ಕು ನನ್ನ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಮರುದಿನ ಮಗಳ ಕೈ ಹಿಡಿದು ಅವಳ ಶಾಲೆಗೆ ನ್ಯಾಯ ಕೇಳಲು ಹೊರಟೇಬಿಟ್ಟೆ.

ಗಣಿತದ ಟೀಚರ್ ಮಂಗಳಾ, ಶಿಕಾರಿಪುರದಲ್ಲಿ ನನ್ನ ಶಿಷ್ಯೆಯಾಗಿದ್ದ ಹುಡುಗಿ. ನನ್ನನ್ನು ಕಂಡು ಎದ್ದು ನಿಂತಳು, ಕುರ್ಚಿ ಕೊಟ್ಟಳು. ನಾನು ಪೇಪರು ಮುಂದಿಟ್ಟು, “ಇದರಲ್ಲಿ ತಪ್ಪೇನಿದೆಯಮ್ಮ?” ಎಂದು ತುಸು ಜೋರಾಗಿಯೇ ಕೇಳಿದೆ.

ಅವಳು ಪೇಪರು ನೋಡಿದಳು, ನನ್ನನ್ನು ನೋಡಿದಳು. “ಸಾರ್, ಏಳೇಳ್ಲ ಎಷ್ಟು?”

“ನಲವತ್ತೊಂಬತ್ತು.”

“ಅದಕ್ಕೆ ಇನ್ನೊಂದು ಏಳು ಸೇರಿಸಿ ನೋಡಿ.”

ನಾನು ಮೇಜಿನ ಕೆಳಗೆ ಬೆರಳು ಮಡಚಿದೆ. ಐವತ್ತಾರು ಬಂತು. ಎಡಗೈಯಲ್ಲಿ ಎಣಿಸಿದೆ, ಅಲ್ಲೂ ಐವತ್ತಾರೇ. ಮಂಗಳಾ ತಲೆ ತಗ್ಗಿಸಿಕೊಂಡು, “‘ವಿಶೇಷ’ ತಪ್ಪು ಬರ್ದಿದ್ದಕ್ಕೆ ನೀವು ನನ್ ಹತ್ರ ನೂರು ಸಲ ಬರ್ಸಿದ್ರಿ ಸಾರ್” ಎಂದಳು. ಪೇಪರನ್ನು ನನ್ನ ಕೈಗೆ ಕೊಡುತ್ತ, “ನೀವೇನೂ ಬರೀಬೇಕಿಲ್ಲ. ಆ ಗೋಡೆ ಒಂದು ತಿದ್ಸಿಬಿಡಿ” ಎಂದಳು. ನೂರು ಸಲ ಬರೆಯಿರಿ ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹೊರಗೆ ಜಗಲಿಯ ಮೇಲೆ ಸಹನಾ ಕಾಯುತ್ತಿದ್ದಳು. “ಯಾರ್ದಪ್ಪ ತಪ್ಪು?” ಎಂದು ಕೇಳಿದಳು. ರುದ್ರಪ್ಪನದು ಎನ್ನಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ನನ್ನ ಮಾತಿಗಾಗಿ ಟೀಚರ ಎದುರು ಹಟ ಹಿಡಿದು ನಿಂತಿದ್ದ ಆ ಮುಖ ನೋಡಿ ಆಗಲಿಲ್ಲ. “ನಂದು” ಎಂದೆ. ಅವಳು ನಂಬಲಾರದವಳಂತೆ ನೋಡಿದಳು. ಮನೆಯಲ್ಲಿ ಹಾಗೊಂದು ಮಾತು ಅವಳು ಅದುವರೆಗೆ ಕೇಳಿರಲಿಲ್ಲ. ಮನೆ ಹತ್ತಿರವಾದಾಗ ಕೇಳಿದೆ: “ನಿನ್ನ ಕೋಣೆಗೆ ನಿನಗೆ ಏನು ಬೇಕಿತ್ತು ಪುಟ್ಟಿ?”

“ಬಸ್ಸು” ಎಂದಳು, ವರ್ಷದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡವಳಂತೆ. “ಕೆಂಪು ಬಸ್ಸು. ಗೋಡೆ ತುಂಬ.”

ರುದ್ರಪ್ಪ ಮತ್ತೆ ಬಂದ. ವಿಷಯ ತಿಳಿದು ನನ್ನ ಮೇಲೆ ಬೇಸರಿಸುವ ಬದಲು ಹಿಗ್ಗಿದ. “ಬಸ್ಸಾದ್ರ ನನಗ ಬಿಡ್ರಿ ಸರ. ಅದಕ್ಕ ಹೊಟ್ಟಿ ಸೀಳೋ ಕೆಲಸಿಲ್ಲ” ಎಂದ. ಈ ಸಲ ಸ್ಟೂಲಿನ ಮೇಲೆ ಕೂತವಳು ಸಹನಾ. ನನಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ. ಮೂರನೇ ದಿನ ಕರೆದು ತೋರಿಸಿದಳು. ಮಗ್ಗಿಯೆಲ್ಲ ಮುಚ್ಚಿಹೋಗಿ ಗೋಡೆಯ ಈ ತುದಿಯಿಂದ ಆ ತುದಿಗೆ ಬಸ್ಸು ನಿಂತಿತ್ತು. ಎರಡು ಜಡೆಯ ಡ್ರೈವರ್, ಸಹನಾಳೇ. ಬಾಗಿಲಲ್ಲಿ ಚೀಲ ನೇತುಹಾಕಿಕೊಂಡು ನಿಂತ ಕಂಡಕ್ಟರ್ ಶೈಲಾ. ಕಟ್ಟಕಡೆಯ ಕಿಟಕಿಯಲ್ಲಿ ದಪ್ಪ ಮೀಸೆಯ ಒಂದು ಮುಖ, ಅದು ನಾನಂತೆ.

“ನನ್ನನ್ನೇ ಕಂಡಕ್ಟರ್ ಮಾಡಬಹುದಿತ್ತಲ್ಲ?” ಎಂದೆ.

“ಕಂಡಕ್ಟರಿಗೆ ಲೆಕ್ಕ ಬರಬೇಕಪ್ಪ” ಎಂದಳು ಮಗಳು, ನನಗೆ ನೋವಾಗಬಾರದೆಂದು ಬಲು ಮೆಲ್ಲಗೆ.

ದಿಂಬು ಅವತ್ತೇ ಮೊದಲಿನ ಜಾಗಕ್ಕೆ ಬಂತು. ಈಗಲೂ ಬಂದವರು ಕೋಣೆ ನೋಡಲು ಹೋಗುತ್ತಾರೆ. ಯಾರೂ ಎಳೆದುಕೊಂಡು ಹೋಗಬೇಕಾಗಿಲ್ಲ. ಡ್ರೈವರ್ ಯಾರು, ಕಂಡಕ್ಟರ್ ಯಾರು ಎಂದು ಎಲ್ಲರಿಗೂ ಥಟ್ಟನೆ ತಿಳಿಯುತ್ತದೆ. ಹಿಂದಿನ ಸೀಟಿನ ಮೀಸೆಯವರು ಯಾರೆಂದು ಮಾತ್ರ ಪ್ರತಿಯೊಬ್ಬರೂ ಕೇಳುತ್ತಾರೆ. “ಯಾರೋ ಶಿಕಾರಿಪುರದ ಕಡೆಯೋರು, ಪಾಪ” ಎನ್ನುತ್ತಾಳೆ ಶೈಲಾ. ಪಕ್ಕದಲ್ಲೇ ನಿಂತಿರುವ ನಾನು ಅದನ್ನು ತಿದ್ದಲು ಹೋಗುವುದಿಲ್ಲ.